ಹಲ್ಲಲ್ಲಿ ಕಚ್ಚಿಕೊಂಡ ಕ್ಯಾಮೆರಾ

ಜನವರಿ 6, ಸೋಮವಾರ

ಮಾತಿನ ಡಾಕ್ಟರು ಇವತ್ತು ಔಷಧಿ ಹೇಳಿದ್ದು ಇವರಿಗಲ್ಲ, ನನಗೆ. "ಮನಸ್ಸಿಗೆ ಬಂದಿದ್ದನ್ನೆಲ್ಲ ಅವರ ಹತ್ರ ಹೇಳ್ಬೇಡಿ, ಒಂದು ಪುಸ್ತಕದಲ್ಲಿ ಬರೆದಿಡಿ" ಅಂದರು. ನನ್ನ ಬಾಯಿ ಮುಚ್ಚಿಸಲು ಇಷ್ಟು ಮರ್ಯಾದೆಯ ದಾರಿಯನ್ನು ಇದುವರೆಗೆ ಯಾರೂ ಹುಡುಕಿರಲಿಲ್ಲ. ಮಗಳು ಯಾವಾಗಲೋ ಬಿಟ್ಟುಹೋದ ಖಾಲಿ ಡೈರಿ ಕಪಾಟಿನಲ್ಲಿತ್ತು, ತೆಗೆದಿದ್ದೇನೆ. ದಿನವೂ ಬರೆಯುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಟ್ಟಿಲ್ಲ.

ಹೋದ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೆಯೇ ಬಚ್ಚಲಲ್ಲಿ ಕುಸಿದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಅರ್ಧ ಹೋದವು, ಮಾತು ಪೂರ್ತಿ ಹೋಯಿತು. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ. ಪೇಪರು ಓದುತ್ತಾರೆ, ನಗಬೇಕಾದಲ್ಲಿ ನಗುತ್ತಾರೆ, ಬಾಯಿ ತೆರೆದರೆ ಮಾತ್ರ ಬರೀ ಗಾಳಿ. ಮೂವತ್ತು ವರ್ಷ ಊರಿನ ಈಜುಕೊಳದಲ್ಲಿ ಮೇಷ್ಟ್ರಾಗಿದ್ದವರು. ಈ ದಡದಲ್ಲಿ ನಿಂತು ಒಂದು ಸಲ ಕೂಗಿದರೆ ಆ ದಡದ ಮಕ್ಕಳು ಬೆಚ್ಚಿಬಿದ್ದು ಕಾಲು ಬಡಿಯುತ್ತಿದ್ದವು. ಅಂಥ ಗಂಟಲು.

ಮಾರ್ಚ್ ಕೊನೆಯೊಳಗೆ ನಾಲ್ಕು ಮಾತಾದರೂ ಬಾರದಿದ್ದರೆ ಮಾತಿನ ಪಾಠ ನಿಲ್ಲಿಸಿ ಚಿತ್ರದ ಹಲಗೆ ಅಭ್ಯಾಸ ಮಾಡಿಸುತ್ತಾರಂತೆ. ಹಲಗೆಯನ್ನೂ ತೋರಿಸಿದರು. ಒಂದು ಲೋಟ, ಒಂದು ಮಂಚ, ಒಂದು ಕಕ್ಕಸು, ಒಂದು ನಗುವ ಮುಖ, ಒಂದು ಅಳುವ ಮುಖ. ಬೇಕಾದದ್ದರ ಮೇಲೆ ಬೆರಳಿಡಬೇಕು. ಆಗಲಿ ಎಂದು ತಲೆಯಾಡಿಸಿ ಹೊರಗೆ ಬಂದವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಇವರು ಪಕ್ಕದಲ್ಲಿ ಕೋಲೂರಿಕೊಂಡು, ನಾನು ಮುಗಿಸುವವರೆಗೆ ಕಾದು ನಿಂತಿದ್ದರು.

ಜನವರಿ 8, ಬುಧವಾರ

ಕಾಲಿಗೆ ನೀರೇ ಮದ್ದು ಎಂದಿದ್ದಾನೆ ಫಿಸಿಯೋ. ವಾರಕ್ಕೆ ಮೂರು ದಿನ ಕೊಳಕ್ಕೆ ಹೋಗಬೇಕು. ಅವನು ಬರುವುದು ಯಾವಾಗಲೋ ಒಮ್ಮೆ, ಹಾಗಾಗಿ ನೀರಿನೊಳಗೆ ಬಲಗಾಲು ಹೇಗೆ ಆಡುತ್ತದೆ ಎಂಬುದನ್ನು ವಿಡಿಯೋ ತೆಗೆದು ಕಳಿಸಬೇಕಂತೆ. ದಡದಿಂದ ತೆಗೆದರೆ ನೀರಿನ ಹೊಳಪು ಬಿಟ್ಟು ಬೇರೇನೂ ಕಾಣುವುದಿಲ್ಲ. ನೀರಿಗಿಳಿದರೆ ನನ್ನ ಎರಡೂ ಕೈ ಈಜಲಿಕ್ಕೇ ಸಾಲುವುದಿಲ್ಲ, ಇನ್ನು ಕ್ಯಾಮೆರಾ ಹಿಡಿಯಲು ಮೂರನೆಯದನ್ನು ಎಲ್ಲಿಂದ ತರಲಿ? ಮಗಳಿಗೆ ಹೇಳಿದೆ. ಅವಳು ಗುಡ್ಡದ ಮೇಲೆ ಸೈಕಲ್ ಓಡಿಸುವಾಗ ತಲೆಗೆ ಕಟ್ಟಿಕೊಳ್ಳುತ್ತಿದ್ದ ಪುಟ್ಟ ಕ್ಯಾಮೆರಾವನ್ನೂ, ಅದನ್ನು ಇಡುವ ನೀರು ಹೋಗದ ಡಬ್ಬಿಯನ್ನೂ ಕಳಿಸಿದಳು.

ಇವತ್ತು ಡಬ್ಬಿಯನ್ನು ಪಟ್ಟಿಯಿಂದ ಹಣೆಗೆ ಕಟ್ಟಿಕೊಂಡು ಇಳಿದೆ. ಮನೆಗೆ ಬಂದು ನೋಡಿದರೆ ಕೊಳದ ಸೂರು, ಸೂರಿನ ದೀಪ, ಮತ್ತೆ ಸೂರು. ನಾನು ಈಜುವುದೇ ತಲೆ ಮೇಲೆತ್ತಿಕೊಂಡು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು, ನೀರು ಹೋದರೆ ಕಷ್ಟ ಎಂಬುದು ನಾನು ಹೇಳುವ ಕಾರಣ. ತಲೆ ಮುಳುಗಿಸಿದರೆ ಇವಳು ಮಾತಾಡುವುದು ಹೇಗೆ ಎಂಬುದು ಇವರು ಹೇಳುತ್ತಿದ್ದ ಕಾರಣ. ಊರಿನ ಅರ್ಧ ಜನಕ್ಕೆ ಈಜು ಕಲಿಸಿದ ಮನುಷ್ಯ ಹೆಂಡತಿಯ ವಿಷಯದಲ್ಲಿ ಮಾತ್ರ ಮೊದಲ ವರ್ಷವೇ ಕೈಚೆಲ್ಲಿದ್ದರು.

ಜನವರಿ 15, ಬುಧವಾರ

ಎದೆಗೆ ಕಟ್ಟಿ ನೋಡಿದೆ, ನನ್ನ ಕೈಗಳೇ ಅಡ್ಡ ಬಂದವು. ಈಗ ಮಗಳು ಹಲ್ಲಲ್ಲಿ ಕಚ್ಚಿಕೊಳ್ಳುವ ರಬ್ಬರ್ ಹಿಡಿಯೊಂದನ್ನು ಕಳಿಸಿದ್ದಾಳೆ. ಮುಷ್ಟಿಕಾಳಗದವರು ಬಾಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಹಾಗಿದೆ. ಉಸಿರಾಡಲು ನಡುವೆ ತೂತು, ಮುಂದೆ ಕ್ಯಾಮೆರಾ, ಬಾಯಿಂದ ಜಾರಿದರೂ ಮುಳುಗದಂತೆ ಒಂದು ಕಿತ್ತಳೆ ಬಣ್ಣದ ಸ್ಪಂಜು. ಕೈ ಎರಡೂ ಖಾಲಿ.

ಕ್ಯಾಮೆರಾಕ್ಕೆ ಗುಂಡಿ ಒತ್ತುವುದೂ ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದಿದ್ದಳು. ಅಡುಗೆಮನೆಯಲ್ಲಿ ನಾನು ಹೇಳಿದಾಗ ವಿಧೇಯ ವಿದ್ಯಾರ್ಥಿಯಂತೆ ಕೇಳಿತು. ಡಬ್ಬಿಯೊಳಗೆ ಹಾಕಿದ ಕೂಡಲೇ ಕಿವುಡಾಯಿತು. ದಡದಲ್ಲಿ ನಿಂತು ನಾನು ಅಂಗೈಯಲ್ಲಿದ್ದ ಡಬ್ಬಿಗೆ ಗಂಟಲು ಹರಿದುಕೊಳ್ಳುವುದನ್ನು ನೋಡಿ ಗೂಟ ಹೊಟ್ಟೆ ಹಿಡಿದುಕೊಂಡು ನಕ್ಕ. ಗೂಟ ಎಂದರೆ ಕೊಳದ ಕಾವಲಿನವನು. ಚಿಕ್ಕವನಿದ್ದಾಗ ನೀರಿಗಿಳಿಯದೆ ದಡದಲ್ಲಿ ಗೂಟದ ಹಾಗೆ ನಿಲ್ಲುತ್ತಿದ್ದನೆಂದು ಇವರೇ ಇಟ್ಟ ಹೆಸರು. ಈಗ ಅವನಿಗೇ ತಲೆ ನರೆಯುತ್ತಿದೆ.

ಕಡೆಗೆ ಗುಂಡಿಯನ್ನು ಡಬ್ಬಿಯ ಮೇಲಿನಿಂದಲೇ ಒತ್ತಿ, ಆಮೇಲೆ ಕಚ್ಚಿಕೊಳ್ಳುವುದೆಂದಾಯಿತು. ಶುರುವಾಯಿತೋ ಇಲ್ಲವೋ ನನಗೆ ಕಾಣುವುದಿಲ್ಲ. ಕೆಂಪು ದೀಪ ಕಾಣುವುದು ಎದುರಿಗಿರುವ ಇವರಿಗೆ. ದೀಪ ಹತ್ತಿದರೆ ಎಡಗೈ ಹೆಬ್ಬೆರಳು ಎತ್ತುತ್ತಾರೆ. ಕತ್ತಿಗೆ ತೇಲುವ ಪಟ್ಟಿ ಹಾಕಿಕೊಂಡು ಇವರು ಅಂಗಾತ ಮಲಗಿ ಕಾಲಾಡಿಸುತ್ತಾ ತಲೆಯ ಕಡೆಗೆ ಸಾಗುತ್ತಾರೆ, ನಾನು ಕಪ್ಪೆ ಈಜಿನಲ್ಲಿ ಇವರ ಪಾದಗಳ ಬೆನ್ನು ಹತ್ತುತ್ತೇನೆ. ಇವರು ನನ್ನ ಮುಖ ನೋಡುತ್ತಿರುತ್ತಾರೆ, ನಾನು ಇವರ ಕಾಲು.

ಚಿತ್ರದಲ್ಲಿ ಅರ್ಧ ನೀರು, ಅರ್ಧ ಆಕಾಶ. ಮುಖ ಪೂರ್ತಿ ನೀರಿನೊಳಗೆ ಇರಬೇಕು, ಉಸಿರಿಗೆ ಮಾತ್ರ ಏಳಬೇಕು ಎಂದು ಫಿಸಿಯೋ ಸಂದೇಶ ಕಳಿಸಿದ. ಅವನಿಗೇನು, ಹೇಳಲು ಬಾಯಿ ಇದೆ.

ಜನವರಿ 27, ಸೋಮವಾರ

ಡಬ್ಬಿಯೊಳಗೆ ನೀರು. ಬಾಗಿಲಿನ ರಬ್ಬರ್ ವಾಶರಿನ ಮೇಲೆ ನನ್ನದೇ ಒಂದು ಬಿಳಿ ಕೂದಲು ಅಡ್ಡ ಬಿದ್ದಿತ್ತು, ಅಷ್ಟು ಸಂದಿಯೇ ಸಾಕಾಗಿದೆ. ಕ್ಯಾಮೆರಾವನ್ನು ಒರೆಸಿ ಕಿಟಕಿಯ ಬಿಸಿಲಿಗಿಟ್ಟು ಎರಡು ದಿನ ಎದೆ ಹಿಡಿದುಕೊಂಡಿದ್ದೆ. ಹತ್ತಿತು, ಸದ್ಯ. ಈಗ ಮುಚ್ಚುವ ಮೊದಲು ವಾಶರಿನ ಮೇಲೆ ಬೆರಳಾಡಿಸಿ ನೋಡುತ್ತೇನೆ, ಮಂಜು ಹಿಡಿಯದಂತೆ ಶೂ ಪೆಟ್ಟಿಗೆಯಲ್ಲಿ ಬರುವ ಆ ಪುಟ್ಟ ಹರಳಿನ ಪೊಟ್ಟಣ ಹಾಕುತ್ತೇನೆ. ಕಿವಿಗೆ ಮೇಣದ ಬಿರಡೆ, ಮೇಲೆ ರಬ್ಬರ್ ಟೋಪಿ. ಹಾಗೆ ಸಿಂಗರಿಸಿಕೊಂಡು ನಾನು ನಿಂತರೆ ಇವರ ಭುಜ ಕುಲುಕುತ್ತದೆ. ನಗಲಿ. ನಕ್ಕದ್ದಕ್ಕೂ ಸದ್ದಿಲ್ಲ, ಅದೇ ಸಂಕಟ.

ಫೆಬ್ರವರಿ 5, ಬುಧವಾರ

ಇವತ್ತು ಮುಖ ಮುಳುಗಿಸಿ ಕೊಳದ ಅರ್ಧದವರೆಗೆ ಹೋದೆ. ಕಾಲು ಸ್ಪಷ್ಟವಾಗಿ ಬಂದಿದೆ. ಎಡಗಾಲು ಕೆಲಸ ಮಾಡುತ್ತದೆ, ಬಲಗಾಲು ನೆಂಟರ ಮನೆಗೆ ಬಂದವರಂತೆ ಸುಮ್ಮನಿರುತ್ತದೆ. ಮೊಣಕಾಲಿನಿಂದಲ್ಲ, ಸೊಂಟದಿಂದ ಆಡಿಸಲಿ ಎಂದ ಫಿಸಿಯೋ. ಇವರಿಗೆ ಹೇಳಿದೆ. ನೀನು ನನಗೆ ಹೇಳಿಕೊಡುತ್ತೀಯಾ ಎಂಬಂತೆ ಹುಬ್ಬೇರಿಸಿದರು.

ವಿಡಿಯೋದ ಸದ್ದು ಮಾತ್ರ ಕೇಳುವಂತಿಲ್ಲ. ಎಮ್ಮೆ ಕೆರೆಗಿಳಿದ ಹಾಗಿದೆ ನನ್ನ ಉಸಿರು. ಸದ್ದು ತೆಗೆದುಹಾಕಿ ನೋಡುತ್ತೇನೆ. ಫಿಸಿಯೋನೂ ಹಾಗೇ ನೋಡುವುದಂತೆ, ಅವನ ವಾರ್ಡಿನ ಗಲಾಟೆಯಲ್ಲಿ ಏನು ಕೇಳಿಸೀತು.

ದವಡೆ ಸಿಕ್ಕಾಪಟ್ಟೆ ನೋವು. ಸಂಜೆ ಮಗಳು ಫೋನ್ ಮಾಡಿ, ಯಾಕಮ್ಮ ಸುಮ್ಮನಿದ್ದೀಯಾ, ಅಪ್ಪನಿಗೆ ಏನಾದರೂ ಆಯಿತಾ ಎಂದು ಗಾಬರಿಯಾದಳು.

ಫೆಬ್ರವರಿ 14, ಶುಕ್ರವಾರ

ಮಾತಿನ ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಬಾಚಣಿಗೆ ತೋರಿಸಿ, ಇದೇನು ಎಂದು ಇವರನ್ನು ಕೇಳಿದರು. ಇವರು ತುಟಿ ಕೂಡಿಸಿದರು, ಹಣೆಯಲ್ಲಿ ನರ ಎದ್ದಿತು. ಕಣ್ಣಲ್ಲಿ ನೋಡಲಾಗಲಿಲ್ಲ. ಬಾಚಣಿಗೆ ಎಂದೆ. ಕೀಲಿ ತೋರಿಸಿದರು. ಕೀಲಿ ಎಂದೆ. ಮೂರನೆಯದಕ್ಕೆ ಡಾಕ್ಟರು ಎದ್ದು ಬಾಗಿಲು ತೆರೆದು, ನೀವು ಸ್ವಲ್ಪ ಹೊರಗೆ ಕೂತಿರಿ ಎಂದರು.

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಮುದುಕಿಯಾದವಳು ನಾನು. ಕಿಟಕಿಯ ಮುಂದೆ ಬಂದವರು "ಅಲ್ಲಾ, ಈ..." ಎನ್ನುವಷ್ಟರಲ್ಲಿ ಬಸ್ಸು ಯಾವುದು, ಎಲ್ಲಿ ನಿಲ್ಲುತ್ತದೆ, ಹೋಗಿಯಾಯಿತೋ ಇಲ್ಲವೋ ಎಲ್ಲ ಹೇಳಿ ಮುಗಿಸಿರುತ್ತಿದ್ದೆ. ಜನ ಕೈಮುಗಿದು ಹೋಗುತ್ತಿದ್ದರು. ಇನ್ನೊಬ್ಬರನ್ನು ಒದ್ದಾಡಲು ಬಿಟ್ಟು ನೋಡುತ್ತಾ ಕೂರುವುದು ನನಗೆ ಗೊತ್ತಿಲ್ಲ. ಅದು ಕ್ರೌರ್ಯ ಎಂದುಕೊಂಡೇ ಬದುಕಿದ್ದೇನೆ.

ಹೊರಗಿನ ಬೆಂಚಿನಲ್ಲಿ ಕಿವಿ ಬಾಗಿಲಿಗೆ ಕೊಟ್ಟು ಕೂತಿದ್ದೆ. ಒಳಗಿಂದ ಡಾಕ್ಟರ ದನಿ ಬಿಟ್ಟು ಇನ್ನೊಂದು ದನಿ ಬರಲಿಲ್ಲ.

ಫೆಬ್ರವರಿ 24, ಸೋಮವಾರ

ಊಟದ ಮೇಜಿನಲ್ಲಿ ಇವರಿಗೆ ಏನೋ ಬೇಕಾಗಿತ್ತು. ಕಪಾಟಿನ ಕಡೆ ಕೈ ತೋರಿಸಿದರು. ಉಪ್ಪಾ? ಅಲ್ಲ. ಕನ್ನಡಕವಾ? ಮಾತ್ರೆಯಾ? ಚಮಚವಾ? ಪೇಪರಾ? ಬಾಗಿಲು ಮುಚ್ಚಲಾ? ಸೆಕೆಯಾ? ಒಂದೊಂದಕ್ಕೂ ಅಲ್ಲ ಎಂದು ತಲೆಯಾಡಿಸುತ್ತಾ ಹೋದರು. ನಾನು ಬಿಡುವವಳಲ್ಲ, ಕಪಾಟಿನಲ್ಲಿದ್ದುದನ್ನೆಲ್ಲ ಒಂದೊಂದಾಗಿ ತಂದು ಮುಂದಿಟ್ಟೆ. ಇದ್ದಕ್ಕಿದ್ದಂತೆ ಎಡಗೈಯಿಂದ ಮೇಜಿಗೆ ಗುದ್ದಿದರು. ಲೋಟ ಉರುಳಿತು. ಮದುವೆಯಾದಾಗಿನಿಂದ ಮೇಜು ಗುದ್ದಿದವರಲ್ಲ.

ಆಮೇಲೆ ನಾನು ನೀರು ಒರೆಸಿದೆ. ಇವರು ಗೋಡೆ ನೋಡುತ್ತಾ ಕೂತರು. ಏನು ಬೇಕಾಗಿತ್ತೆಂದು ಕೊನೆಗೂ ತಿಳಿಯಲಿಲ್ಲ.

ಈ ಮನುಷ್ಯನ ಜೊತೆ ಮಾತಿಲ್ಲದೆ ಉಳಿದ ಆಯಸ್ಸು ಕಳೆಯಬೇಕಾದರೆ ನನಗೆ ಹುಚ್ಚು ಹಿಡಿಯುತ್ತದೆ. ಇದನ್ನು ಪುಸ್ತಕಕ್ಕಲ್ಲದೆ ಯಾರಿಗೂ ಹೇಳುವಂತಿಲ್ಲ.

ಮಾರ್ಚ್ 3, ಸೋಮವಾರ

ಕೊಳ ಒಂದೇ ಈಗ ಜಗಳವಿಲ್ಲದ ಜಾಗ. ಇವತ್ತು ಮಧ್ಯದಲ್ಲಿ ನಿಲ್ಲದೆ ಹೋದೆ, ಗೋಡೆ ಬಂದದ್ದೇ ತಿಳಿಯಲಿಲ್ಲ. ನೀರಿನೊಳಗೆ ಕಾಣುವುದು ಇವರ ಎರಡು ಪಾದ, ನೆಲದ ನೀಲಿ ಗೆರೆ, ಅಷ್ಟೇ. ಬಲಪಾದ ಸ್ವಲ್ಪ ಸ್ವಲ್ಪ ನೆಂಟತನ ಬಿಡುತ್ತಿದೆ. ನಡುನಡುವೆ ಇವರು ಎಡಗೈಯಲ್ಲಿ ಪಟಪಟ ನೀರು ಬಡಿಯುವುದು ಕಾಣಿಸುತ್ತದೆ. ಏನು ಸಿಟ್ಟೋ. ಗೋಡೆ ಮುಟ್ಟಿ ನಾನು ಟೋಪಿ, ಬಿರಡೆ ತೆಗೆದು, ಬಾಯಿಂದ ಕ್ಯಾಮೆರಾ ತೆಗೆದು, ಏನ್ರೀ ಎಂದರೆ ತುಟಿ ಪಿಟಕ್ಕೆನ್ನುವುದಿಲ್ಲ.

ಮಾರ್ಚ್ 5, ಬುಧವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಈಗಲೇ ಬರೆಯಬೇಕು.

ಅಪ್ಪನ ಕಾಲು ನೋಡಬೇಕೆಂದು ಮಗಳು ಕೇಳಿದ್ದಕ್ಕೆ ಸೋಮವಾರದ ವಿಡಿಯೋವನ್ನು ನಿನ್ನೆ ಕಳಿಸಿದ್ದೆ. ಅವಳು ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ನೋಡಿದ್ದಾಳೆ. ಫೋನ್ ಮಾಡಿದವಳಿಗೆ ಅಳುವೋ ನಗುವೋ ಗೊತ್ತಾಗುತ್ತಿರಲಿಲ್ಲ.

"ಅಮ್ಮಾ, ಅಪ್ಪ ಮಾತಾಡ್ತಿದ್ದಾರಲ್ಲೇ. ನೀನು ಯಾಕೆ ಹೇಳ್ಲಿಲ್ಲ?"

ಸದ್ದು ಜೋರು ಮಾಡಿ ಕೂತೆ. ಗುಳುಗುಳು, ಎಮ್ಮೆಯ ಉಸಿರು, ಮತ್ತೆ ಗುಳುಗುಳು. ನಾನು ಉಸಿರಿಗೆಂದು ಎದ್ದಾಗಲೆಲ್ಲ ಕ್ಯಾಮೆರಾವೂ ಮೇಲೆ ಬರುತ್ತದಲ್ಲ, ಆ ಒಂದು ಕ್ಷಣದಲ್ಲಿ, ಮುಚ್ಚಿದ ಡಬ್ಬದೊಳಗಿಂದ ಬಂದ ಹಾಗೆ ಒಂದು ದನಿ. "...ಲೆ." ನೀರು. "ತಲೆ." ನೀರು. "ಕೆ... ಕೆಳಗೆ." ನೀರು. "ಉಸಿರು ಬಿ..." ಮತ್ತೆ ನೀರು. ತೊದಲು, ಎಳೆದು ಎಳೆದು ಬರುವ ಮಾತು. ಆದರೆ ಇವರದೇ ಗಂಟಲು. ಆ ದಡದ ಮಕ್ಕಳನ್ನು ಬೆಚ್ಚಿಬೀಳಿಸುತ್ತಿದ್ದ ಅದೇ ಗಂಟಲು.

ಹಳೆಯವನ್ನೆಲ್ಲ ಹಾಕಿ ಹಾಕಿ ಕೇಳಿದೆ. ಬಾಚಣಿಗೆ ಎನ್ನಲಾಗದೆ ಬೆವರಿದ ಆ ವಾರದ ವಿಡಿಯೋದಲ್ಲೂ ಇದೆ. "ಕಾಲು. ಕಾಲು. ಏಯ್."

ನಾನು ಇವರ ಕಾಲನ್ನು ಚಿತ್ರ ತೆಗೆಯುತ್ತಿದ್ದೇನೆ ಎಂದುಕೊಂಡಿದ್ದರೆ ಇವರು ನನಗೆ ಈಜು ಕಲಿಸುತ್ತಿದ್ದಾರೆ.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ಗಳಿಗೆ. ಆಮೇಲೆ ಹೊಟ್ಟೆ ಉರಿಯತೊಡಗಿತು. ಇಷ್ಟು ತಿಂಗಳಿಂದ ಊಟ ಬಟ್ಟೆ ಔಷಧಿ ಎಂದು ಹಗಲೂ ಇರುಳೂ ಎದುರಿಗಿರುವವಳು ನಾನು. ನನ್ನ ಕಿವಿಗೆ ಬಿರಡೆ ಬಿದ್ದ ಮೇಲೆಯೇ ಆಡಬೇಕೇ? ಒಂದು ಹೂಂ ಎನ್ನಲಿಕ್ಕೂ ನಾನು ಬೇಡವಾದೆನೇ?

ಮಾರ್ಚ್ 7, ಶುಕ್ರವಾರ

ಕೆಡಿಸಿಬಿಟ್ಟೆ.

ನಿನ್ನೆ ಬೆಳಿಗ್ಗೆಯೇ ಇವರನ್ನು ಮೇಜಿನ ಮುಂದೆ ಕೂರಿಸಿ ವಿಡಿಯೋ ಹಾಕಿದೆ. ತಮ್ಮ ದನಿ ಕೇಳಿ ಬೆಚ್ಚಿದರು, ಕಿವಿಯ ತುದಿ ಕೆಂಪಾಯಿತು. ಹೇಳಿ, ಈಗ ಹೇಳಿ ಎಂದೆ. ಬಾಯಿ ತೆರೆದರು. ತ, ತ ಎಂದರು. ಹಾಂ, ತಲೆ, ತಲೆ ಅನ್ನಿ, ತ-ಲೆ ಎಂದು ನಾನು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಫೋನಿನಲ್ಲಿ ಮಗಳ ಮುಖ ಹಾಕಿ, ನೋಡು ಅಪ್ಪ ಈಗ ಹೇಳುತ್ತಾರೆ ಎಂದು ಇವರ ಮುಂದೆ ಹಿಡಿದೆ. ಇವರು ಕಣ್ಣು ಮುಚ್ಚಿಕೊಂಡರು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಇವತ್ತು ಕೊಳಕ್ಕೆ ಬಂದರು. ನಾನು ಬಿರಡೆ ಹಾಕದೆ ಇಳಿದೆ. ಎರಡು ಬಾರಿ ಕೈಯಾಡಿಸಿ ತಲೆ ಎತ್ತುವುದು, ಕಿವಿಗೊಡುವುದು. ಇವರು ನನ್ನ ಕಿವಿಯನ್ನೇ ನೋಡಿದರು. ತುಟಿ ಬಿಗಿದುಕೊಂಡು ಸೂರು ನೋಡುತ್ತಾ ಕಾಲಾಡಿಸಿದರು. ಒಂದು ಮಾತಿಲ್ಲ.

ಹೊರಡುವಾಗ ಗೂಟನನ್ನು ಕೇಳಿದೆ. ಅವನಿಗೆ ಎಲ್ಲ ಗೊತ್ತಿತ್ತು. "ಮೇಷ್ಟ್ರು ಕೊಳದಲ್ಲಿ ಯಾವತ್ತು ಬೈದೇ ಇದ್ದಾರಕ್ಕ? ನಿಮಗೆ ಕೇಳ್ತಿದೆ, ಮನಸ್ಸಿಗೆ ಹಚ್ಕೊಳ್ತಿಲ್ಲ ಅಂದ್ಕೊಂಡೆ" ಎಂದ. ಅವನ ಮೇಲೆ ರೇಗಬೇಕೋ ನನ್ನ ಮೇಲೆ ರೇಗಬೇಕೋ ತಿಳಿಯದೆ ಒದ್ದೆ ಟವೆಲನ್ನು ಚೀಲಕ್ಕೆ ತುರುಕಿದೆ.

ಮಾರ್ಚ್ 10, ಸೋಮವಾರ

ಹೊರಡುವ ಹೊತ್ತಿಗೆ ಇವರು ಮಂಚದ ಅಂಚಿನಲ್ಲಿ ಕೂತೇ ಇದ್ದರು. ಚೀಲ ತಂದು ಮುಂದಿಟ್ಟೆ. ಕಾಲಿನಿಂದ ಮೆಲ್ಲಗೆ ಆಚೆ ತಳ್ಳಿದರು, ಬಲಗಾಲಿನಿಂದ. ಬೇರೆ ದಿನವಾಗಿದ್ದರೆ ಆ ಕಾಲು ಅಷ್ಟು ಆಡಿದ್ದಕ್ಕೆ ಕುಣಿಯುತ್ತಿದ್ದೆ.

ಮಾರ್ಚ್ 12, ಬುಧವಾರ

ಇವತ್ತೂ ಹೋಗಲಿಲ್ಲ.

ಮಾರ್ಚ್ 17, ಸೋಮವಾರ

ವಾರದ ಆ ಮೂರು ದಿನ ಕೊಳದಲ್ಲಿ ಒಂದು ಗಂಟೆ ನಮಗೆಂದೇ ಬಿಟ್ಟುಕೊಟ್ಟಿದ್ದಾರೆ, ಅದು ಸುಮ್ಮನೆ ಹೋಗುತ್ತಿತ್ತು. ನೀವು ಇಳಿಯುವುದು ಬೇಡ, ಬೆಂಚಿನಲ್ಲಿ ಕೂತಿರಿ, ನಾನೊಬ್ಬಳೇ ಇಳಿಯುತ್ತೇನೆ ಎಂದೆ. ಮನೆಯಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ಸಾಕಾಗಿತ್ತು. ಬಂದರು.

ಟೋಪಿ ಹಾಕಿದೆ, ಬಿರಡೆ ಹಾಕಿದೆ. ಚಿತ್ರ ತೆಗೆಯಲು ಎದುರಿಗೆ ಕಾಲಿಲ್ಲ, ಆದರೂ ಹಿಡಿಯನ್ನು ಕಚ್ಚಿಕೊಂಡೇ ಇಳಿದೆ. ಅದಿಲ್ಲದಿದ್ದರೆ ಬಾಯಿಯನ್ನು ಏನು ಮಾಡಬೇಕೆಂದೇ ತಿಳಿಯುವುದಿಲ್ಲ ಈಗ. ಗುಂಡಿಯನ್ನೂ ಒತ್ತಿದ್ದಿರಬೇಕು, ಕೈಗೆ ರೂಢಿಯಾಗಿದೆ. ಹೋದೆ, ಬಂದೆ. ಹೋದೆ, ಬಂದೆ. ಅತ್ತುಬಿಟ್ಟೆ ಕೂಡ. ನೀರಿನಲ್ಲಿ ಅಳುವುದು ಸುಲಭ, ಒರೆಸುವ ಕೆಲಸವಿಲ್ಲ. ಆಯಿತು, ಇವರಿಗೆ ನನ್ನ ಮುಂದೆ ಆಡಲಾಗುವುದಿಲ್ಲವಾದರೆ ನಾನಿಲ್ಲದ ಕಡೆ ಆಡಲಿ, ನನಗೆ ಕೇಳಿಸುವುದೇ ಬೇಡ, ಎಲ್ಲಾದರೂ ಆಡಿದರೆ ಸಾಕು ಎಂದು ನೆಲದ ನೀಲಿ ಗೆರೆಗೆ ಹೇಳಿಕೊಂಡೆ.

ಗೋಡೆ ಮುಟ್ಟಿ ಎದ್ದರೆ ಇವರು ಬೆಂಚಿನಲ್ಲಿ ಇಲ್ಲ. ದಡದ ಅಂಚಿಗೆ ಬಂದು, ಎಡಗೈಯಲ್ಲಿದ್ದ ಕೋಲನ್ನು ಊರಿ ಬಾಗಿ ನಿಂತಿದ್ದಾರೆ. ನಾನು ಎದ್ದ ಕೂಡಲೇ ಬಾಯಿ ಮುಚ್ಚಿತು. ನಾನು ಏನೂ ಕಾಣದವಳಂತೆ ತಿರುಗಿ ಮತ್ತೆ ಮುಖ ಮುಳುಗಿಸಿದೆ.

ಕ್ಯಾಮೆರಾದಲ್ಲಿ ಏನಾದರೂ ದಾಖಲಾಗಿದೆಯೋ ಎಂದು ನೋಡಲಿಲ್ಲ. ಸಂಜೆ ಕ್ಯಾಮೆರಾವನ್ನು ಹಾಗೆಯೇ ಮಾತಿನ ಡಾಕ್ಟರ ಮನೆಗೆ ಮುಟ್ಟಿಸಿ ಬಂದೆ. ಮೆಟ್ಟಿಲಿಳಿದು ಬರುವಾಗ ಒಂದು ಸಲ ಕೇಳಿಬಿಡಬಹುದಿತ್ತು ಎಂದು ನಡುವೆ ನಿಂತು ಹಿಂದಿರುಗಿ ನೋಡಿದೆ.

ಮಾರ್ಚ್ 21, ಶುಕ್ರವಾರ

ಕೇಳಿಸಿಕೊಂಡಿದ್ದಾರೆ ಡಾಕ್ಟರು. ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ಬೇಡ, ಕೊಳದ ದಡದಲ್ಲೇ ಮಾಡುತ್ತಾರಂತೆ. ಅವರೇ ಬರುತ್ತಾರಂತೆ.

ಇವರಿಗೆ ತಿಳಿಸದೆ ಕರೆಸಿದರೆ ಮೇಜಿನ ಮುಂದೆ ಕೂರಿಸಿದ ದಿನದ ಪಾಡೇ ಆಗುತ್ತದೆ. ಹೇಳಿದೆ: ಡಾಕ್ಟರು ದಡದಲ್ಲಿ ಕೂತಿರುತ್ತಾರೆ, ನನ್ನ ಕಿವಿಯಲ್ಲಿ ಬಿರಡೆ ಇರುತ್ತದೆ, ನೀವು ಆಡಿದರೂ ಸರಿ ಆಡದಿದ್ದರೂ ಸರಿ, ಅವರು ಬರಬಹುದಾ ಬೇಡವಾ. ಹೇಳಿ ಸುಮ್ಮನೆ ಕೂತೆ. ತರಕಾರಿ ಹೆಚ್ಚುವ ಚಾಕು ಕೈಯಲ್ಲೇ ಇತ್ತು, ಹೆಚ್ಚಲಿಲ್ಲ. ಎಷ್ಟು ಹೊತ್ತಾಯಿತೋ. ಆಮೇಲೆ ಇವರು ಆಗಲಿ ಎಂಬಂತೆ ಒಂದೇ ಸಲ ತಲೆ ಆಡಿಸಿದರು.

ಮಾರ್ಚ್ 26, ಬುಧವಾರ

ಡಾಕ್ಟರು ಚಪ್ಪಲಿ ಬಿಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೂಟನ ಪಕ್ಕದಲ್ಲಿ ಕೂತರು. ಇವರು ಮೆಟ್ಟಿಲ ಕಂಬಿ ಹಿಡಿದು ಒಬ್ಬರೇ ಇಳಿದರು. ನಾನು ಇವರ ಎದುರಿಗೆ ನಿಂತು, ಕಾಣುವ ಹಾಗೆ ಒಂದೊಂದೇ ಬಿರಡೆಯನ್ನು ಕಿವಿಗೆ ಒತ್ತಿದೆ, ಟೋಪಿ ಎಳೆದುಕೊಂಡೆ, ಗುಂಡಿ ಒತ್ತಿ ಹಿಡಿಯನ್ನು ಕಚ್ಚಿದೆ. ಇವರು ಹೆಬ್ಬೆರಳೆತ್ತಿದರು.

ಹೋದ ಸಲ ಹೊರಗಿನ ಬೆಂಚಿನಲ್ಲಿ ಕೂತು ಬಾಗಿಲಿಗೆ ಕಿವಿ ಕೊಟ್ಟಿದ್ದೆ. ಈ ಸಲ ಒಳಗೇ ಇದ್ದೇನೆ, ಒಂದು ಮೊಳ ದೂರದಲ್ಲಿ, ಕಿವುಡಿಯಾಗಿ. ನೀಲಿ ಗೆರೆ, ಎರಡು ಪಾದ. ಬಲಪಾದ ಸೊಂಟದಿಂದ ಬಂತು, ಎಡದಷ್ಟಲ್ಲ, ಆದರೂ ಬಂತು. ಉಸಿರಿಗೆ ಎದ್ದಾಗ ಇವರ ಬಾಯಿ ಆಡುತ್ತಿರುವುದು ಈಜಿನ ಕನ್ನಡಕದ ಅಂಚಿನಲ್ಲಿ ಮಸಕಾಗಿ ಕಂಡಿತು. ಏನು ಎಂಬ ಮಾತು ಗಂಟಲವರೆಗೆ ಬಂತು. ಹಲ್ಲು ಬಿಗಿ ಹಿಡಿದು ಮುಳುಗಿದೆ. ದವಡೆ ಹರಿದುಹೋಗುತ್ತದೋ ಎನ್ನಿಸಿತು.

ಮೇಲೆ ಬಂದಾಗ ಗೂಟ ಬೆನ್ನು ತಿರುಗಿಸಿ ಸೀಟಿಯನ್ನು ಅಂಗಿಗೆ ಉಜ್ಜಿ ಒರೆಸುತ್ತಿದ್ದ. ಡಾಕ್ಟರು ಹಲಗೆಯ ಮಾತೆತ್ತಲಿಲ್ಲ. ಪಾಠ ಮುಂದುವರಿಯಲಿ, ಮುಂದಿನ ತಿಂಗಳೂ ನೋಡೋಣ ಎಂದರು. ಇವರು ಬಟ್ಟೆ ಬದಲಿಸಲು ಹೋದಾಗ ಡಾಕ್ಟರು ನನ್ನ ಹತ್ತಿರ ಬಂದು, ಏನೇನು ಹೇಳಿದರು ಗೊತ್ತಾ ಎಂದು ಶುರುಮಾಡಿದರು.

"ಬೇಡಿ, ಹೇಳ್ಬೇಡಿ" ಅಂದೆ. "ನನಗೆ ಹೇಳ್ಬೇಕಾದ್ರೆ ಅವರೇ ಹೇಳ್ಲಿ."

ದಾರಿಯುದ್ದಕ್ಕೂ ಯಾಕೆ ಹಾಗಂದೆ ಎಂದು ನನಗೇ ಪರಿತಾಪ. ಕೇಳಿಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು.

ಏಪ್ರಿಲ್ 2, ಬುಧವಾರ

ಸಂಜೆ ಚಹಾ ಮಾಡಿ ಇಬ್ಬರಿಗೂ ಮೇಜಿನ ಮೇಲಿಟ್ಟು ಕೂತೆ. ದವಡೆ ಈಗ ನೋಯುವುದಿಲ್ಲ, ಆದರೂ ಮಾತಾಡಲು ಅಂಥದ್ದೇನೂ ಇರಲಿಲ್ಲ. ಇವರು ಲೋಟ ಮುಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರು. "ಎ" ಎಂದರು.

ಎಲ್ಲಿ, ಎಣ್ಣೆ, ಎಷ್ಟು ಹೊತ್ತು, ಎದೆ ನೋವಾ. ಹತ್ತು ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತವು. ಹಲ್ಲು ಕಚ್ಚಿದೆ. ಇವರ ಹಣೆಯಲ್ಲಿ ನರ ಎದ್ದಿತು, ಕಣ್ಣಲ್ಲಿ ನೀರು ತುಂಬಿತು, ಮುಖ ಒಂದು ಕಡೆಗೆ ಎಳೆಯಿತು. ನೋಡುತ್ತಾ ಕೂತೆ. ಫೋನ್ ಬಡಿದುಕೊಂಡು ತಾನೇ ನಿಂತಿತು. ಚಹಾದ ಮೇಲೆ ಕೆನೆ ಕಟ್ಟಿತು.

"ಎಡ. ಎಡಗೈ."

ಆಮೇಲೆ ಬಹಳ ಹೊತ್ತು ಬಿಟ್ಟು, "ತಡ."

ನನ್ನ ಎಡಗೈ ತಡವಾಗಿ ಬರುತ್ತದಂತೆ. ಆಗಸ್ಟಿನಿಂದ ಕಾದುಕೊಂಡು ಕೂತವಳ ಮುಖ ನೋಡಿ ಆಡಿದ ಮೊದಲ ಮಾತು, ತಪ್ಪು ಹುಡುಕುವುದು. ಅಳು ಬಂತು, ನಗು ಬಂತು, ಎರಡನ್ನೂ ಒಳಗೇ ಇಟ್ಟುಕೊಂಡೆ. ಮೇಜಿನ ಮೇಲೆ ಎರಡೂ ಕೈ ಚಾಚಿ ಈಜುವ ಹಾಗೆ ಆಡಿಸಿ ತೋರಿಸಿದೆ. ಇವರು ತಮ್ಮ ಎಡಗೈಯಿಂದ ನನ್ನ ಎಡಗೈ ಹಿಡಿದು, ಬಲಗೈಯ ಜೊತೆಗೇ ಹೊರಡುವಂತೆ ಒಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಸರಿಯಾಯಿತೇ ಎಂದು ನಾನು ಕೇಳಲಿಲ್ಲ.

ಇವರು ಮತ್ತೆ ಬಾಯಿ ತೆರೆದರು.